ಅದೇ ಮರದ ಹೊಟ್ಟು

೧೨ ಜನವರಿ

ಪ್ರೀತಿಯ ಅಪ್ಪನಿಗೆ,

ನೀನು ಕಳಿಸಿದ ಹೊಟ್ಟಿನ ಮೂಟೆ ಬಂದು ಮೂರು ವಾರವಾಯಿತು. ಒಳಗೆ ಸಿಕ್ಕಿಸಿದ್ದ ಕಾಗದವೂ ಸಿಕ್ಕಿತು. ಬಿಚ್ಚಿದ ಕೂಡಲೇ ಮಡಿಕೆಯಲ್ಲಿದ್ದ ಮರದ ಪುಡಿಯೆಲ್ಲ ಹಾಸಿಗೆಯ ಮೇಲೆ ಉದುರಿ ಎರಡು ದಿನ ಮೈಯೆಲ್ಲ ತುರಿಕೆ. ಇರಲಿ. ಫೋನಿನಲ್ಲಿ ನೀನು "ಹೂಂ", "ಸರಿ", "ಊಟ ಆಯ್ತಾ" ಬಿಟ್ಟು ನಾಲ್ಕನೆಯ ಮಾತು ಆಡಿದವನಲ್ಲ. ಕಾಗದ ಸಿಕ್ಕರೆ ಮಾತ್ರ ನಿನಗೆ ಬಾಯಿ ಬರುತ್ತದೆ. ಅದಕ್ಕೇ ನಾನೂ ಕಾಗದದಲ್ಲೇ ಹೇಳುತ್ತಿದ್ದೇನೆ.

ಅಪ್ಪಾ, ಆಯಿತು! ಮೂರು ವರ್ಷ ಒದ್ದಾಡಿದ್ದು ಹೋದ ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಆಯಿತು. ಗಾಜಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಡುಗೆಂಪು ಹಾಳೆ. ಅದರ ಎರಡು ತುದಿಗೆ ತಂತಿ ಮುಟ್ಟಿಸಿದೆ, ಮೀಟರಿನ ಮುಳ್ಳು ಅಲ್ಲಾಡಿತು. ನಂಬಿಕೆಯಾಗದೆ ತಂತಿ ತೆಗೆದು ಮತ್ತೆ ಮುಟ್ಟಿಸಿದೆ. ಮತ್ತೆ ಅಲ್ಲಾಡಿತು. ಪಕ್ಕದ ಮೇಜಿನವನನ್ನು ಕರೆದು ತೋರಿಸಿದರೆ ಅವನು, "ಅಯ್ಯೋ, ಇದು ನಿಜವಾಗ್ಲೂ ಮರದ ಹೊಟ್ಟಾ?" ಅಂತ ಮೂಸಿ ನೋಡಿದ.

ಹೊಟ್ಟನ್ನು ಒಲೆಗೆ ಹಾಕ್ತಾರೆ, ಇಲ್ಲ ಕೋಳಿಗೂಡಿಗೆ ಹಾಸ್ತಾರೆ, ನೀನು ಅದರಿಂದ ಕರೆಂಟ್ ಹರಿಯೋ ಪ್ಲಾಸ್ಟಿಕ್ ಮಾಡ್ತೀನಿ ಅಂತೀಯಲ್ಲ, ತಲೆ ನೆಟ್ಟಗಿದೆಯಾ ಅಂತ ನೀನು ಬರೆದಿದ್ದೆ. ನೆಟ್ಟಗಿದೆ. ಬಡಗಿಯ ಭಾಷೆಯಲ್ಲೇ ಹೇಳುತ್ತೇನೆ ಕೇಳು. ಮರದ ನಾರುಗಳನ್ನು ಹಿಡಿದಿಡುವ ಅಂಟು ಮರದೊಳಗೇ ಇದೆ. ಅದನ್ನು ಬಿಡಿಸಿದರೆ ಸಣ್ಣ ಸಣ್ಣ ತುಣುಕು ಸಿಗುತ್ತವೆ. ಪ್ರತಿ ತುಣುಕಿಗೂ ಎರಡು ತೂತು ಅಂದುಕೋ. ತೂತಿಗೆ ಗೂಟ ಕೂರಿಸಿ ಒಂದಕ್ಕೊಂದು ಜೋಡಿಸುತ್ತಾ ಹೋದರೆ ಉದ್ದನೆಯ ಸರಪಳಿ. ಅದರಲ್ಲಿ ಒಂದು ಕೊಂಡಿ ಒಂಟಿ, ಮುಂದಿನದು ಜೋಡಿ, ಮತ್ತೆ ಒಂಟಿ, ಮತ್ತೆ ಜೋಡಿ. ಈ ಸಾಲು ಎಲ್ಲೂ ತಪ್ಪದಿದ್ದರೆ ಅದರಲ್ಲಿ ಕರೆಂಟ್ ಓಡುತ್ತದೆ. ಸರಪಳಿ ಗಿಡ್ಡವಾದರೆ ಓಡುವುದಿಲ್ಲ. ಇಷ್ಟೇ.

ಇಂಥ ಪ್ಲಾಸ್ಟಿಕ್ ಹೊಸದೇನೂ ಅಲ್ಲ. ಆದರೆ ಅದನ್ನು ಕಲ್ಲೆಣ್ಣೆಯಿಂದ ಮಾಡುತ್ತಾರೆ. ಜೋಡಿಸಲು ದುಬಾರಿ ಲೋಹ ಬೇಕು, ತವರದ ವಿಷ ಬೇಕು, ಕರಗಿಸಲು ಥಿನ್ನರಿನ ಅಣ್ಣನಂಥ ದ್ರವ ಬೇಕು. ನನ್ನದರಲ್ಲಿ ಬಿಸಿನೀರು, ಸ್ವಲ್ಪ ಮದ್ಯಸಾರ, ಅಣಬೆಯಿಂದ ತೆಗೆದ ಒಂದು ರಸ. ಜೋಡಣೆಯಾದ ಮೇಲೆ ಹೊರಬರುವುದೂ ಬರೀ ನೀರು. ಅಮ್ಮ ಹದಿನಾಲ್ಕು ವರ್ಷ ನಿನ್ನ ಬಾಗಿಲುಗಳಿಗೆ ಪಾಲಿಶ್ ಹೊಡೆದು, ಥಿನ್ನರ್ ವಾಸನೆಗೆ ಉಸಿರು ಕಟ್ಟಿ ಕೆಲಸ ಬಿಟ್ಟಳಲ್ಲ, ಅವಳು ನನ್ನ ಮೇಜಿನ ಪಕ್ಕ ಇಡೀ ದಿನ ಕೂತರೂ ಒಂದು ಸಲ ಕೆಮ್ಮುವುದಿಲ್ಲ. ಇದನ್ನು ಅವಳಿಗೆ ಓದಿ ಹೇಳು.

ಈಗ ಕೆಲಸದ ಮಾತು. ನನ್ನ ಗೈಡ್ ಮೇಡಂ ಹೊಗಳುವವರಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ಸಲ ಆದದ್ದು ಸುದ್ದಿ. ಮೂರು ಸಲ ಆಗಲಿ, ಆಮೇಲೆ ಮಾತಾಡೋಣ" ಅಂದರು. ಆದರೂ ಪತ್ರಿಕೆಗೆ ಲೇಖನ ಕಳಿಸಲು ಒಪ್ಪಿದರು. ಲೋಹದ ಒಂದು ಕಣವನ್ನೂ ಸೋಕಿಸಿಲ್ಲ ಎಂದು ಅದರಲ್ಲಿ ನನ್ನ ಸಹಿ ಹಾಕಿ ಬರೆದುಕೊಟ್ಟಿದ್ದೇನೆ. ಮೇ ಕೊನೆಗೆ ಪರೀಕ್ಷಕರು ಬರುತ್ತಾರೆ. ಅವರ ಕಣ್ಣೆದುರು ಮಾಡಿ ತೋರಿಸಬೇಕು. ಆಗದಿದ್ದರೆ ಲೇಖನವೂ ಇಲ್ಲ, ಇಲ್ಲಿ ನನಗೆ ಜಾಗವೂ ಇಲ್ಲ.

ಅದಕ್ಕೆ ಇನ್ನೆರಡು ಮೂಟೆ ಬೇಕು. ಪ್ಲೈವುಡ್ಡಿನ ಅಂಟು, ಬಣ್ಣ ಸೇರಿರದ ಹೊಟ್ಟು ನಿನ್ನನ್ನು ಬಿಟ್ಟರೆ ಯಾರೂ ಕೊಡುವುದಿಲ್ಲ. ಅದೇ ಮರದ್ದೇ ಆಗಿರಲಿ. ನೀನೀಗ ಯಾರ ಮನೆ ಬಾಗಿಲು ಮಾಡುತ್ತಿದ್ದೀಯ?

ನಿನ್ನ
ಚಕ್ಕೆ

*

೩ ಫೆಬ್ರವರಿ

ಮಗಳು ಚಕ್ಕೆಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ನಾಲ್ಕು ಸಲ ಓದಿದೆ, ನಿನ್ನಮ್ಮನಿಗೆ ಎರಡು ಸಲ ಓದಿ ಹೇಳಿದೆ. ತೂತು, ಗೂಟ ಅರ್ಥವಾಯಿತು. ಒಂಟಿ, ಜೋಡಿ ಅರ್ಥವಾಗಲಿಲ್ಲ. ಆದರೂ ಅರ್ಥವಾದವನ ಹಾಗೆ ತಲೆಯಾಡಿಸಿದೆ. ನೀನು ಮೂರು ವರ್ಷದವಳಿದ್ದಾಗ ನಾನು ಉಳಿ ಹೊಡೆಯುವ ಕಡೆ ಕೂತು ಹಾರಿದ ಚಕ್ಕೆಗಳನ್ನೆಲ್ಲ ಲಂಗದಲ್ಲಿ ತುಂಬಿಕೊಳ್ಳುತ್ತಿದ್ದೆ. ಬಿಸಾಡು ಅಂದರೆ ಅಳುತ್ತಿದ್ದೆ. ಆಗಲೇ ತಿಳಿದುಕೊಳ್ಳಬೇಕಾಗಿತ್ತು, ಇವಳು ಕಸದಲ್ಲೇ ಏನೋ ಮಾಡುತ್ತಾಳೆ ಅಂತ.

ಎರಡು ಮೂಟೆ ಕಳಿಸಿದ್ದೇನೆ. ಅದೇ ಮರ. ಆ ವಿಷಯದಲ್ಲಿ ನಿನಗೆ ಚಿಂತೆ ಬೇಡ. ಮೂರು ಸಲ ಜರಡಿ ಹಿಡಿದಿದ್ದೇನೆ, ಒಂದು ಗಂಟು ಇಲ್ಲ, ಒಂದು ಮೊಳೆ ಇಲ್ಲ. ದೊಡ್ಡವರು ಬಂದು ನೋಡುವಾಗ ಈ ಹೊಟ್ಟು ಎಲ್ಲಿಯದು, ಯಾರು ಕಳಿಸಿದ್ದು ಅಂತ ಕೇಳುತ್ತಾರಾ? ಕೇಳಿದರೂ ನಿನಗೆ ತಲೆ ತಗ್ಗಿಸುವ ಹಾಗಾಗುವುದಿಲ್ಲ. ಅಂಥ ಹೊಟ್ಟು.

ಇಲ್ಲಿ ಬಾಗಿಲಿನ ಕೆಲಸ ಜೋರಾಗಿ ನಡೆದಿದೆ. ಆರೋಗ್ಯ ಚೆನ್ನಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ಇತಿ
ನಿನ್ನ ಅಪ್ಪ

(ಅಂಚಿನಲ್ಲಿ ಅಮ್ಮ: ನನ್ನ ಹಿಟ್ಟಿನ ಜರಡಿ ಹೋಯ್ತು ಕಣೇ, ಇನ್ನು ಮೇಲೆ ಚಪಾತಿ ತಿಂದರೆ ಮರ ತಿಂದ ಹಾಗೆ. ಇನ್ನೊಂದು ವಿಷಯ. ಹೊಟ್ಟು ತರೋಕೆ ನಿನ್ನಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು, ತಲೆ ಬಾಚ್ಕೊಂಡು ಹೋದರು. ಯಾಕೆ ಅಂತ ಕೇಳಿದ್ರೆ "ನಿಂಗ್ಯಾಕೆ" ಅಂದರು. ನಂಗ್ಯಾಕೆ ಬಿಡು.)

*

೬ ಮಾರ್ಚ್

ಅಪ್ಪಾ,

ಆಗುತ್ತಿಲ್ಲ. ಹೊಸ ಮೂಟೆಯಿಂದ ಐದು ಸಲ ಮಾಡಿದೆ, ಐದು ಸಲವೂ ಕಂದು ಕೆಸರು. ಒಣಗಿಸಿದರೆ ಪುಡಿ. ಹಾಳೆ ಎಳೆಯಲು ಹೋದರೆ ಬಿರುಕು. ಮೀಟರಿನ ಮುಳ್ಳು ಸತ್ತು ಬಿದ್ದಿದೆ. ಸರಪಳಿ ನಾಲ್ಕು ಕೊಂಡಿ ಬೆಳೆದು ನಿಂತುಬಿಡುತ್ತಿದೆ, ಯಾಕೆ ನಿಲ್ಲುತ್ತದೋ ಗೊತ್ತಿಲ್ಲ. ತುಣುಕುಗಳನ್ನು ಬೇರೆ ಮಾಡಿ ಯಾವುದು ಯಾವುದು ಎಂದು ಹೇಳುವ ಯಂತ್ರ ಒಂದಿದೆ. ಅದು ಕೆಟ್ಟು ರಿಪೇರಿಗೆ ಹೋಗಿದೆ, ಜೂನಿಗೆ ಬರುತ್ತದಂತೆ. ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಗಿದೆ.

ಏನೇನು ಬದಲಾಗಿದೆ ಎಂದು ಪಟ್ಟಿ ಮಾಡುತ್ತಿದ್ದೇನೆ. ಶಾಖ ಅದೇ, ನೀರು ಅದೇ, ಅಣಬೆಯ ರಸ ಅದೇ ಸೀಸೆಯದು. ಮರದ ಮುಂದೆ, ನಿನ್ನ ಕಾಗದ ನೋಡಿ, "ಅದೇ" ಎಂದು ಬರೆದುಕೊಂಡೆ. ಪಾತ್ರೆಗಳು ಮಾತ್ರ ಹೊಸವು. ಜನವರಿ ಕೊನೆಗೆ ನಮಗೆ ಹೊಸ ಗಾಜಿನ ಸಾಮಾನು ಬಂತು, ಹಳೆಯದನ್ನೆಲ್ಲ ಡಬ್ಬಕ್ಕೆ ತುಂಬಿ ಕೆಳಗಿನ ಉಗ್ರಾಣಕ್ಕೆ ಇಳಿಸಿದರು. ಪಾತ್ರೆ ಹೊಸದಾದರೆ ಅಡುಗೆ ಕೆಡುತ್ತದೆಯೇ? ಮೇಡಂ ಮುಖ ನೋಡಲು ಹೆದರಿಕೆಯಾಗುತ್ತಿದೆ. ನಾನು ಮೆಟ್ಟಿಲು ಹತ್ತುವಾಗ ಅವರು ಇಳಿದು ಬಂದರೆ ಚಪ್ಪಲಿ ಸರಿ ಮಾಡಿಕೊಳ್ಳುವವಳಂತೆ ಬಗ್ಗುತ್ತೇನೆ.

ನಿನಗೆ ಹೇಳಿ ಏನು ಪ್ರಯೋಜನ ಅಂತ ಗೊತ್ತು. ಆದರೂ ಯಾರಿಗೆ ಹೇಳಲಿ?

ಚಕ್ಕೆ

*

೧೯ ಮಾರ್ಚ್

ಮಗಳೇ,

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಸರ ಮಾಡಬೇಡ. ನಾನು ಮೊದಲನೇ ಬಾಗಿಲು ಮಾಡಿದಾಗ ಅದು ಚೌಕಟ್ಟಿನಲ್ಲಿ ಕೂರಲೇ ಇಲ್ಲ. ನನ್ನ ಗುರು ಒದೆಯಲಿಲ್ಲ ಅಷ್ಟೇ.

ಮರದ ಮೇಲೆ ಮಾತ್ರ ಅನುಮಾನ ಪಡಬೇಡ. ಇನ್ನೊಂದು ಮೂಟೆ ಕಳಿಸಿದ್ದೇನೆ, ಹೋದ ಸಲದ್ದಕ್ಕಿಂತ ನಯವಾಗಿದೆ, ಕೈಯಲ್ಲಿ ಹಿಡಿದರೆ ಮುಖಕ್ಕೆ ಹಚ್ಚುವ ಪೌಡರ್ ಇದ್ದ ಹಾಗಿದೆ. ಇದರಿಂದ ಆಗದೆ ಇದ್ದರೆ ಕೇಳು.

ಇತಿ
ಅಪ್ಪ

(ಅಂಚಿನಲ್ಲಿ ಅಮ್ಮ: ಮತ್ತೆ ಇಸ್ತ್ರಿ ಅಂಗಿ. ನಾನೇನೂ ಹೇಳಲ್ಲಮ್ಮ.)

*

೧೮ ಏಪ್ರಿಲ್

ಅಪ್ಪಾ,

ಈ ಮೂಟೆಯಿಂದ ಇನ್ನೂ ಕೆಟ್ಟದಾಯಿತು. ನಿನ್ನ ತಪ್ಪಲ್ಲ. ತಪ್ಪು ಎಲ್ಲಿದೆ ಎಂದು ಈಗ ಗೊತ್ತಾಗಿದೆ. ಗೊತ್ತಾದ ಹೊತ್ತಿನಲ್ಲಿ ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಪಾತ್ರೆಯ ತಳದಲ್ಲಿ ದ್ರವ ಕಲಕಲು ಒಂದು ಬಿಳಿಯ ಕಡ್ಡಿ ಹಾಕುತ್ತೇವೆ. ಒಳಗೆ ಆಯಸ್ಕಾಂತ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಕಿರುಬೆರಳಿನ ಎರಡು ಗೆಣ್ಣು ಉದ್ದ. ತಾನೇ ತಿರುಗುತ್ತಿರುತ್ತದೆ. ಜನವರಿಯಲ್ಲಿ ನಾನು ಬಳಸಿದ್ದು ಹಳೆಯ ಕಡ್ಡಿ, ಹಳೆಯ ಪಾತ್ರೆಗಳ ಜೊತೆ ಅದೂ ಉಗ್ರಾಣಕ್ಕೆ ಹೋಯಿತು. ಅದಕ್ಕೂ ಮೊದಲು ಅದೇ ಕಡ್ಡಿಯಿಂದ ಇಲ್ಲಿ ಯಾರೋ ವರ್ಷಗಟ್ಟಲೆ ಆ ದುಬಾರಿ ಲೋಹದ ಕೆಲಸ ಮಾಡಿದ್ದಾರೆ. ಎಷ್ಟು ತೊಳೆದರೂ ಲೋಹದ ಕಣ ಹೊದಿಕೆಯ ಗೀರುಗಳಲ್ಲಿ ಉಳಿದುಬಿಡುತ್ತದೆ. ಉಪ್ಪಿನ ಕಾಳಿನಷ್ಟಿದ್ದರೂ ಸಾಕು, ಕೊಂಡಿ ಜೋಡಿಸಿಬಿಡುತ್ತದೆ. ಬೇರೆ ಕಡೆ ಹೀಗೆ ಮೋಸ ಹೋದವರ ಕಥೆ ಓದಿದ್ದೇನೆ, ಓದಿ ನಕ್ಕಿದ್ದೇನೆ.

ಅದೇ ಮರ, ಅದೇ ಶಾಖ, ಅದೇ ನೀರು. ಗಾಜು ಬಿಟ್ಟರೆ ಬದಲಾಗಿದ್ದು ಆ ಕಡ್ಡಿ ಒಂದೇ. ಅಂದರೆ ಜನವರಿಯಲ್ಲಿ ಸರಪಳಿ ಕಟ್ಟಿದ್ದು ನಾನಲ್ಲ, ಯಾರೋ ಬಿಟ್ಟುಹೋದ ಲೋಹ. ಅಮ್ಮ ಕೆಮ್ಮದೆ ಕೂರಬಹುದು ಅಂತ ಜಂಬ ಕೊಚ್ಚಿದ್ದು, "ಒಂದು ಕಣವನ್ನೂ ಸೋಕಿಸಿಲ್ಲ" ಅಂತ ಸಹಿ ಹಾಕಿದ್ದು, ಎಲ್ಲಾ ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ, ಆದರೆ ಓದುವವರಿಗೆ ಅದರಿಂದ ಏನಾಗಬೇಕು? ಸುಳ್ಳು ಸುಳ್ಳೇ.

ಲೇಖನ ಹಿಂತೆಗೆದುಕೊಳ್ಳುವ ಪತ್ರ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಮೇಡಂ ಪ್ರವಾಸದಲ್ಲಿದ್ದಾರೆ, ಮೂವತ್ತಕ್ಕೆ ಬರುತ್ತಾರೆ. ಅವತ್ತು ಕೈಗೆ ಕೊಟ್ಟು ಬಿಡುತ್ತೇನೆ. ಆಮೇಲೆ ಇಲ್ಲಿ ಇರುವುದಿಲ್ಲ. ಎಲ್ಲಾದರೂ ಶಾಲೆಯಲ್ಲಿ ಪಾಠ ಹೇಳಿಕೊಂಡು ಇರುತ್ತೇನೆ, ಅದರಲ್ಲೇನೂ ಅವಮಾನವಿಲ್ಲ. ನೀನು ಬೇಜಾರು ಮಾಡಿಕೊಳ್ಳಬೇಡ. ಹೊಟ್ಟು ಇನ್ನು ಕಳಿಸಬೇಡ.

ಚಕ್ಕೆ

*

೨೩ ಏಪ್ರಿಲ್

ಮಗಳೇ,

ಮೂವತ್ತಕ್ಕೆ ಆ ಪತ್ರ ಕೊಡಬೇಡ. ಇದನ್ನು ಮೊದಲು ಓದು, ಆಮೇಲೆ ಬೇಕಾದರೆ ನನ್ನನ್ನು ಬೈದುಕೋ.

ನಿನ್ನೆ ಫೋನ್ ಮಾಡಿದೆನಲ್ಲ, ಇದನ್ನು ಹೇಳುವುದಕ್ಕೇ ಮಾಡಿದ್ದು. ನೀನು ಎತ್ತಿದೆ. ನಾನು ಊಟ ಆಯ್ತಾ ಅಂತ ಕೇಳಿದೆ. ನೀನು ಆಯ್ತು ಅಂದೆ. ನಾನು ಇಟ್ಟುಬಿಟ್ಟೆ. ನಿನ್ನಮ್ಮ ಪಕ್ಕದಲ್ಲಿ ನಿಂತು ಹಣೆ ಚಚ್ಚಿಕೊಂಡಳು.

"ಅದೇ ಮರ" ಅಂತ ನೀನು ಬರೆದಿದ್ದೀಯ. ಅದು ನನ್ನ ಮಾತು. ನನ್ನ ಮಾತನ್ನು ನಂಬಿ ನಿನ್ನ ಪುಸ್ತಕದಲ್ಲಿ ಬರೆದುಕೊಂಡೆ. ಅದೇ ಮರ ಅಲ್ಲ ಮಗಳೇ. ನಾನು ಸುಳ್ಳು ಹೇಳಿದೆ.

ಎರಡು ವರ್ಷದ ಹಿಂದೆಯೇ ನಾನು ಗೆಳೆಯ ಮೀಸೆಯ ಬಾಗಿಲಿನ ಅಂಗಡಿ ಬಿಟ್ಟೆ. ನಿನಗೆ ಹೇಳಲಿಲ್ಲ. ನನ್ನ ಬಲಗೈಯ ಎರಡು ಬೆರಳು ಮರಗಟ್ಟಿವೆ, ಉಳಿ ಹಿಡಿದರೆ ನಡುಗುತ್ತದೆ. ಒಂದು ಬಾಗಿಲಿನ ಮೂಲೆ ಜೋಡಣೆ ಸರಿಯಾಗಿ ಕೂತಿರಲಿಲ್ಲ. ಮಾರನೇ ದಿನ ಬಂದು ನೋಡಿದರೆ ಅದು ಕೂತಿತ್ತು. ನಾನು ಮನೆಗೆ ಹೋದ ಮೇಲೆ ಮೀಸೆ ಅದನ್ನು ಬಿಚ್ಚಿ ತಾನೇ ಸರಿ ಮಾಡಿದ್ದ. ಒಂದು ಮಾತು ಆಡಲಿಲ್ಲ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನೋವಾಗದಿರಲಿ ಅಂತ ಕದ್ದು ಸರಿ ಮಾಡಿದನಲ್ಲ, ಅದನ್ನು ತಡೆಯಲಾಗಲಿಲ್ಲ. ಇಪ್ಪತ್ತಾರು ವರ್ಷದ ಗೆಳೆಯ. ಅವತ್ತೇ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

ಈಗ ನಾನು ಮಾಡುವುದು ಪೆಟ್ಟಿಗೆ. ಗಾಜಿನ ಸೀಸೆ ಸಾಗಿಸುವ ಪೆಟ್ಟಿಗೆ. ಒಂದು ತಗಡಿನ ಶೆಡ್, ನಾಲ್ಕು ಜನ. ಪೈನ್ ಹಲಗೆ ಬರುತ್ತದೆ, ಅಳತೆಗೆ ಕೊಯ್ಯುತ್ತೇವೆ, ಮೊಳೆ ಹೊಡೆಯುತ್ತೇವೆ. ಜೋಡಣೆ ಇಲ್ಲ, ಕೆತ್ತನೆ ಇಲ್ಲ. ಮೊಳೆ ಹೊಡೆಯಲು ನಡುಗುವ ಕೈ ಸಾಕು. ಪೆಟ್ಟಿಗೆ ತಲುಪಿದ ಮೇಲೆ ಒಡೆದು ಒಲೆಗೆ ಹಾಕುತ್ತಾರೆ. ನನ್ನ ಬಾಗಿಲುಗಳ ಮುಂದೆ ಜನ ನಿಂತು ಕೈಯಾಡಿಸಿ ಹೋಗುತ್ತಿದ್ದರು, ನೀನೇ ನೋಡಿದ್ದೀಯ.

ಮೊದಲನೇ ಮೂಟೆ ಆ ಶೆಡ್ಡಿನ ನೆಲದಿಂದ ಗುಡಿಸಿ ತುಂಬಿದ್ದು. ಮಗಳು ಏನೋ ಆಟ ಆಡುತ್ತಾಳೆ, ಇರಲಿ ಅಂತ ಕಳಿಸಿದೆ. ಆಮೇಲೆ ನೀನು ಬರೆದೆ, ಪರೀಕ್ಷಕರು ಬರುತ್ತಾರೆ, ಯಾರ ಮನೆ ಬಾಗಿಲು ಮಾಡುತ್ತಿದ್ದೀಯ ಅಂತ. ಅದನ್ನು ಓದಿ ನನಗೆ ಮೈಯೆಲ್ಲ ನಾಚಿಕೆಯಾಯಿತು. ನನ್ನ ಮಗಳ ಇಷ್ಟು ದೊಡ್ಡ ಕೆಲಸಕ್ಕೆ ಪೆಟ್ಟಿಗೆ ಮರದ ಕಸವೇ? ಅದಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು ಮೀಸೆಯ ಅಂಗಡಿಗೆ ಹೋದೆ. ಎರಡು ವರ್ಷ ಮುಖ ನೋಡದವನ ಮುಂದೆ ನಿಂತು ಹೊಟ್ಟು ಕೊಡು ಅಂತ ಕೇಳಿದೆ. ಅವನು ಏನೂ ಕೇಳದೆ ತುಂಬಿಸಿ ಕೊಟ್ಟ. ನಿನಗೆ ಆಮೇಲೆ ಬಂದದ್ದೆಲ್ಲ ತೇಗ, ಬೀಟೆ, ಅವನ ಅಂಗಡಿಯ ಒಳ್ಳೆಯ ಗಟ್ಟಿ ಮರ. ಒಳ್ಳೆಯದನ್ನು ಕಳಿಸಿದರೆ ಒಳ್ಳೆಯದೇ ಆಗುತ್ತದೆ ಅಂದುಕೊಂಡೆ. ಬಡಗಿಗೆ ಅದಕ್ಕಿಂತ ಬೇರೆ ಲೆಕ್ಕ ಗೊತ್ತಿಲ್ಲ.

ಮರ ಬದಲಾದರೆ ನಿನ್ನ ಸರಪಳಿ ಕೆಡುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ನಿನ್ನ ಪಟ್ಟಿಯಲ್ಲಿ ಒಂದು ಸಾಲು ಸುಳ್ಳು, ಅದನ್ನು ಬರೆಸಿದವನು ನಾನು. ನೀನು ಸುಳ್ಳು ಹೇಳಿದವಳಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ನಾನು ಹೊಟ್ಟಿಗಾಗಿ ಕಳಕೊಂಡೆ. ನನ್ನದು ಹೋದರೆ ಹೋಗಲಿ, ನಿನ್ನದು ಹೋಗಬಾರದು.

ಈ ಕಾಗದವನ್ನು ಕೊರಿಯರಿನವನ ಕೈಗೇ ಕೊಡುತ್ತಿದ್ದೇನೆ. ಶೆಡ್ಡಿನ ಹೊಟ್ಟಿನ ಮೂಟೆ ಹಿಂದೆಯೇ ಬರುತ್ತದೆ.

ಇತಿ
ನಿನ್ನ ತಪ್ಪಿತಸ್ಥ ಅಪ್ಪ

(ಅಂಚಿನಲ್ಲಿ ಅಮ್ಮ: ನಾನೇ ಮೊದಲು ಹೇಳಬಹುದಿತ್ತು. ಆದ್ರೆ ನಾನು ಹೇಳಿದ್ರೆ ಚಾಡಿ, ಅವರು ಹೇಳಿದ್ರೆ ನಿಜ. ಇಪ್ಪತ್ತೆಂಟರ ತನಕ ಕಾಯ್ತೀನಿ, ಕಾಗದ ಮುಟ್ಟಿತು ಅಂತ ನಿನ್ನ ಸುದ್ದಿ ಬರದಿದ್ರೆ ಚಾಡಿನೇ ಆಗ್ಲಿ, ಫೋನ್ ಮಾಡ್ತೀನಿ. ಅವರನ್ನ ಜಾಸ್ತಿ ಬೈಬೇಡ. ಎರಡು ದಿನದಿಂದ ಅನ್ನ ಸರಿಯಾಗಿ ತಿಂದಿಲ್ಲ.)

*

೨೭ ಏಪ್ರಿಲ್

ಅಪ್ಪಾ,

ಕಾಗದ ಸಿಕ್ಕಿತು. ಓದಿ ಮುಗಿಸುವ ಮೊದಲೇ ಓಡಿಹೋಗಿ ಮೇಜಿನ ಖಾನೆಯಲ್ಲಿದ್ದ ಪತ್ರವನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಇನ್ನೂ ಹರಿದಿಲ್ಲ. ಮೂಟೆ ಬರಲಿ, ನೋಡೋಣ.

ಶೆಡ್ಡಿನ ನೆಲದಿಂದ ಗುಡಿಸಿದ್ದು ಹಾಗೇ ಇರಲಿ. ಜರಡಿ ಹಿಡಿಯಬೇಡ. ಇಸ್ತ್ರಿ ಅಂಗಿ ಹಾಕಬೇಡ. ಊಟ ಮಾಡು.

ನನಗೆ ಕೋಪ ಬಂದಿದೆ, ನಿಜ. ಪೆಟ್ಟಿಗೆಗೆ ಅಲ್ಲ. ಎರಡು ವರ್ಷ ನಿನ್ನ ಬೆರಳು ಮರಗಟ್ಟಿದೆ, ನಾನು ಎರಡು ಸಲ ರಜೆಗೆ ಬಂದು ಎದುರಿಗೆ ಕೂತು ಉಂಡು ಹೋಗಿದ್ದೇನೆ. ನೀನು ಹೇಳಲಿಲ್ಲ, ಸರಿ. ನಾನು ನೋಡಲಿಲ್ಲವಲ್ಲ, ಅದಕ್ಕೆ ಕೋಪ.

ಚಕ್ಕೆ

*

೨೧ ಮೇ

ನನ್ನ ಪ್ರೀತಿಯ ಅಪ್ಪ, ಅಮ್ಮ,

ಇಬ್ಬರೂ ಒಟ್ಟಿಗೆ ಕೂತು ಓದಿ. ಅಮ್ಮ ಕೆಮ್ಮಿದರೆ ನೀರು ಕುಡಿಸಿ ಮುಂದಕ್ಕೆ ಓದು.

ಹೊಸ ಪಾತ್ರೆ, ಹೊಸ ಕಡ್ಡಿ. ಪ್ಯಾಕೆಟ್ಟು ಒಡೆದದ್ದು ಮೇಡಂ, ನಾನು ಮುಟ್ಟಲೂ ಇಲ್ಲ. ಶೆಡ್ಡಿನ ಹೊಟ್ಟು. ಸೋಮವಾರ ಒಂದು, ಬುಧವಾರ ಒಂದು, ಶನಿವಾರ ಒಂದು. ಮೂರೂ ಕೆಂಪು! ಮೂರಕ್ಕೂ ಮುಳ್ಳು ಅಲ್ಲಾಡಿತು, ಮೂರನೆಯದಕ್ಕೆ ಜನವರಿಗಿಂತ ಜೋರಾಗಿ. ನಾನು ಗೋಡೆಗೆ ಒರಗಿ ನಿಂತು ಅತ್ತೆ. ಪಕ್ಕದ ಮೇಜಿನವನು ಏನಾಯಿತೋ ಎಂದು ಗಾಬರಿಯಾಗಿ ಕಿಟಕಿ ತೆಗೆದ. ಏನೂ ಆಗಿಲ್ಲ ಮಾರಾಯ, ಎಲ್ಲಾ ಸರಿಯಾಗಿದೆ ಅಂದರೂ ಅವನು ನಂಬಲಿಲ್ಲ.

ಆ ಹಳೆಯ ಕಡ್ಡಿಯನ್ನೂ ಬಿಡಲಿಲ್ಲ. ಉಗ್ರಾಣದ ಡಬ್ಬದಿಂದ ಹುಡುಕಿ ತೆಗೆದು ನಿನ್ನ ತೇಗದ ಹೊಟ್ಟಿನ ಜೊತೆ ಹಾಕಿ ನೋಡಿದೆ. ಕೆಸರೇ ಬಂತು. ಕಡ್ಡಿಯಲ್ಲಿ ಏನೂ ಇರಲಿಲ್ಲ. ಪಾಪ, ಒಂದು ತಿಂಗಳು ಅದನ್ನು ಸುಮ್ಮಸುಮ್ಮನೆ ಶಪಿಸಿದೆ.

ಯಾಕೆ ಹೀಗಾಯಿತು ಎಂದು ಈಗ ಗೊತ್ತು. ಪೈನಿನಂಥ ಸೂಜಿ ಎಲೆಯ ಮೆತ್ತನೆ ಮರದ ಅಂಟನ್ನು ಬಿಡಿಸಿದರೆ ಸಿಗುವ ತುಣುಕಿಗೆ ಎರಡು ತೂತು ಅಂದೆನಲ್ಲ. ಗಟ್ಟಿ ಮರದಲ್ಲಿ ಇನ್ನೊಂದು ಬಗೆಯ ತುಣುಕೂ ಬೆರೆತಿರುತ್ತದೆ. ನೋಡಲು ಅಕ್ಕತಂಗಿಯರಂತೆ, ಆದರೆ ಅದರ ಒಂದು ತೂತಿಗೆ ಮರವೇ ಗೂಟ ಬಡಿದು ಮುಚ್ಚಿಬಿಟ್ಟಿದೆ. ಅದು ಸರಪಳಿಯ ತುದಿಗೆ ಬಂದು ಕೂತರೆ ಮುಗಿಯಿತು, ಮುಂದಕ್ಕೆ ಯಾವುದಕ್ಕೂ ಸ್ಥಳವಿಲ್ಲ. ಬಾಗಿಲಿಗೆ ಗಟ್ಟಿ ಮರವೇ ಬೇಕು. ನನ್ನ ಕೆಲಸಕ್ಕೆ ಪೆಟ್ಟಿಗೆ ಮರವೇ ಬೇಕು. ಒಳ್ಳೆಯ ಮರ, ಕೆಟ್ಟ ಮರ ಅಂತ ಇಲ್ಲ ಅಪ್ಪ, ಯಾವುದು ಎಲ್ಲಿಗೆ ಅಂತ ಮಾತ್ರ ಇರುವುದು. ಇದನ್ನು ನೀನೇ ನನಗೆ ಹೇಳಿಕೊಟ್ಟಿದ್ದೆ, ನೆನಪಿದೆಯಾ? ಉಳಿ ಹಿಡಿಕೆಗೆ ಒಂದು ಮರ, ಗರಗಸದ ಹಿಡಿಕೆಗೆ ಇನ್ನೊಂದು.

ಮೇಡಂಗೆ ಎಲ್ಲಾ ಹೇಳಿದೆ. ಅಪ್ಪ ಸುಳ್ಳು ಹೇಳಿದ್ದು, ನಾನು ನಂಬಿದ್ದು, ಹಿಂತೆಗೆಯುವ ಪತ್ರ ಬರೆದಿದ್ದು. ಅವರು ಕನ್ನಡಕ ತೆಗೆದು, "ಅಂಗಡಿಯಿಂದ ಆ ತುಣುಕಿನದೇ ಶುದ್ಧ ಪುಡಿ ತಂದು ಒಂದು ಸಲ ಹೋಲಿಸಿ ನೋಡಿದ್ದರೆ ಒಂದೇ ದಿನದಲ್ಲಿ ಗೊತ್ತಾಗ್ತಿತ್ತು. ಮೊದಲು ಅನುಮಾನ ಪಡಬೇಕಾದ್ದು ಮೂಟೆ ಮೇಲೆ. ಯಾಕೆ ಪಡಲಿಲ್ಲ?" ಎಂದು ಕೇಳಿದರು. ನಾನು, "ಅಪ್ಪ ಕಳಿಸಿದ್ದು ಮೇಡಂ" ಅಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ನಮ್ಮಪ್ಪ ಕಳಿಸಿದ್ದರೆ ನಾನೂ ಪಡ್ತಿರಲಿಲ್ಲ. ಆದರೆ ಇನ್ನು ಮೇಲೆ ಪಡು" ಅಂದರು. ಹಿಂತೆಗೆಯುವ ಪತ್ರವನ್ನು ಅವರೇ ಹರಿದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಅಪ್ಪ. ಅವತ್ತು ಕೋಣೆಗೆ ಬಂದವಳು ಚಪ್ಪಲಿ ಬಿಡದೆ ಹಾಸಿಗೆಗೆ ಬಿದ್ದು ಮಧ್ಯಾಹ್ನ ಎರಡರಿಂದ ಏಳರ ತನಕ ನಿದ್ದೆ ಮಾಡಿದೆ. ಮಾರ್ಚಿನಿಂದ ಅಂಥ ನಿದ್ದೆ ಮಾಡಿರಲಿಲ್ಲ.

ಒಂದು ಕೆಲಸ ಉಳಿದಿದೆ. ಲೇಖನದಲ್ಲಿ ಮರ ಯಾವುದು, ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಒಂದು ಸಾಲು ಬರೆಯಲೇಬೇಕು. ಈಗ ಅದೇ ಮುಖ್ಯವಾದ ಸಾಲು. ಮರ ಪೈನ್ ಅಂತ ಹಾಕುತ್ತೇನೆ. ಯಾರು ಕೊಟ್ಟರು ಎನ್ನುವಲ್ಲಿ "ಒಬ್ಬ ಬಡಗಿ" ಎಂದಷ್ಟೇ ಬರೆದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ನಿನಗೆ ಹೇಗೆ ಬೇಕೋ ಹಾಗೆ ಬರೆಯುತ್ತೇನೆ. ಹೇಳು.

ಬೆರಳನ್ನು ಡಾಕ್ಟರಿಗೆ ತೋರಿಸು. ತೋರಿಸಿದೆ ಎಂದು ನೀನು ಬರೆದರೆ ನಂಬುವುದಿಲ್ಲ, ಅಮ್ಮ ಅಂಚಿನಲ್ಲಿ ಬರೆಯಬೇಕು.

ನಿಮ್ಮ
ಚಕ್ಕೆ

*

೩ ಜೂನ್

ಮಗಳು ಚಕ್ಕೆಗೆ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ನಿಂತುಕೊಂಡೇ ಓದಿದೆ. ಓದಿದ ಮೇಲೆ ಹಲಗೆಯ ರಾಶಿಯ ಮೇಲೆ ಕೂತೆ. ಜೊತೆಯವರು "ಏನಾಯ್ತಣ್ಣ, ಕೆಟ್ಟ ಸುದ್ದಿನಾ?" ಅಂತ ಸುತ್ತ ಸೇರಿದರು. ನಮ್ಮ ಕಸಕ್ಕೆ ಕರೆಂಟ್ ಬಂತು ಕಣ್ರೋ ಅಂದೆ. ಒಬ್ಬ ಮೇಲೆ ಬಲ್ಬು ನೋಡಿದ.

ಮೀಸೆಗೂ ಹೇಳಿದೆ. ಈ ಸಲ ಇದ್ದ ಅಂಗಿಯಲ್ಲೇ ಹೋದೆ. ನಿನ್ನ ಹೊಟ್ಟಿನಿಂದ ನನ್ನ ಮಗಳ ಕೆಲಸ ಹಾಳಾಗುತ್ತಿತ್ತು ಮಾರಾಯ ಅಂದರೆ, "ಇಪ್ಪತ್ತಾರು ವರ್ಷದಲ್ಲಿ ನನ್ನ ಮರಕ್ಕೆ ಹೆಸರಿಟ್ಟವನು ನೀನೊಬ್ಬನೇ" ಅಂತ ನಕ್ಕ. ಆಮೇಲೆ ನಾನೇ ಕೇಳಿದೆ, ಆ ಬಾಗಿಲಿನ ಮೂಲೆ ಯಾಕೆ ಕದ್ದು ಸರಿ ಮಾಡಿದೆ ಅಂತ. ಅವನು, "ಹೇಳಿದ್ದರೆ ನೀನು ಬಿಟ್ಟು ಹೋಗ್ತಿದ್ದೆ" ಅಂದ. "ಹೇಳದೆಯೂ ಹೋದೆನಲ್ಲ" ಅಂದೆ. "ಅದೇ ನನಗೂ ಗೊತ್ತಾಗಲಿಲ್ಲ" ಅಂದ. ಇಬ್ಬರೂ ಟೀ ಕುಡಿದೆವು. ವಾರಕ್ಕೆ ಎರಡು ದಿನ ಬಂದು ಅವನ ಹುಡುಗರಿಗೆ ಜೋಡಣೆ ಹೇಳಿಕೊಡು, ಕೈ ಅವರದು, ಕಣ್ಣು ನಿನ್ನದು ಅಂತಾನೆ. ನೋಡೋಣ ಅಂದಿದ್ದೇನೆ. ಹೋಗುತ್ತೇನೆ.

ಆ ಸಾಲಿನ ವಿಷಯ. "ಒಬ್ಬ ಬಡಗಿ" ಅಂತ ಬರೆಯಬೇಡ. ಅದನ್ನು ಓದಿ ಯಾರೋ ಇನ್ನೊಬ್ಬಳು ಮಗಳು ತನ್ನಪ್ಪನ ಹತ್ತಿರ ಹೊಟ್ಟು ಕೇಳುತ್ತಾಳೆ, ಅವನು ತೇಗದ್ದು ಕಳಿಸುತ್ತಾನೆ, ಮತ್ತೆ ಇದೇ ಗೋಳು. ಪೆಟ್ಟಿಗೆ ಬಡಗಿ ಅಂತಲೇ ಬರಿ. ತಗಡಿನ ಶೆಡ್ಡು, ಪೈನ್ ಹಲಗೆ, ನೆಲದಿಂದ ಗುಡಿಸಿದ್ದು, ಎಲ್ಲಾ ಬರಿ.

ಇತಿ
ನಿನ್ನ ಅಪ್ಪ

(ಅಂಚಿನಲ್ಲಿ ಅಮ್ಮ: ಡಾಕ್ಟರಿಗೆ ತೋರಿಸಿದ್ರು, ನಾನೇ ಎಳಕೊಂಡು ಹೋದೆ. ನರದ ತೊಂದರೆಯಂತೆ, ಔಷಧಿ ಕೊಟ್ಟಿದ್ದಾರೆ, ಪೂರ್ತಿ ಹೋಗಲ್ಲ ಆದ್ರೆ ಜಾಸ್ತಿನೂ ಆಗಲ್ಲ ಅಂದ್ರು. ನಂಬು.)

*

೯ ಸೆಪ್ಟೆಂಬರ್

ಕೂಸೇ,

ಈ ಸಲ ಅಂಚು ಸಾಲದು ಅಂತ ನಾನೇ ಇಡೀ ಕಾಗದ ತಗೊಂಡಿದ್ದೀನಿ.

ನೀನು ಕಳಿಸಿದ ಅಚ್ಚಾದ ಲೇಖನ ಬಂತು. ಒಳಗಿರೋದು ಒಂದಕ್ಷರ ಅರ್ಥ ಆಗಲಿಲ್ಲ. ನೀನು ಪೆನ್ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ನಮ್ಮ ಭಾಷೇಲಿ ಬರೆದ ಆ ಸಾಲು ಮಾತ್ರ ಓದಿದ್ವಿ: "ಪೈನ್ ಮರದ ಹೊಟ್ಟು, ಪೆಟ್ಟಿಗೆ ಮಾಡುವ ಶೆಡ್ಡಿನ ನೆಲದಿಂದ ಗುಡಿಸಿದ್ದು, ಕೊಟ್ಟವರು ಲೇಖಕಿಯ ತಂದೆ, ಪೆಟ್ಟಿಗೆ ಬಡಗಿ." ನಿನ್ನಪ್ಪ ಅದನ್ನ ಬೆರಳಿಟ್ಟು ಓದಿದರು. ಕನ್ನಡಕ ಒರೆಸಿಕೊಂಡರು, ಮತ್ತೆ ಓದಿದರು. ಆಮೇಲೆ "ಅಲ್ಪವಿರಾಮ ಸರಿಯಾದ ಕಡೆ ಹಾಕಿದ್ದಾಳೆ" ಅಂದರು. ಅವರಿಗೆ ಅಲ್ಪವಿರಾಮ ಯಾವತ್ತಿಂದ ಗೊತ್ತೋ ದೇವರೇ ಬಲ್ಲ.

ನಿನ್ನ ಪರೀಕ್ಷಕರು ಒಪ್ಪಿದ್ರಲ್ಲ, ನಿನ್ನ ಜಾಗ ಉಳಿದಿದೆಯಲ್ಲ, ಸಾಕು. ನನಗೆ ಅದಕ್ಕಿಂತ ದೊಡ್ಡ ಸಮಾಧಾನ ಅಂದ್ರೆ ಈ ಮನೇಲಿ ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಆ ಭಾರ ಇಳೀತು. ನನ್ನ ಕೆಮ್ಮೂ ಕಡಿಮೆಯಾಗಿದೆ. ಮುಂದಿನ ರಜೆಗೆ ಬಂದಾಗ ನನ್ನನ್ನ ಕರಕೊಂಡು ಹೋಗು, ನಿನ್ನ ಮೇಜಿನ ಪಕ್ಕ ಇಡೀ ದಿನ ಕೂತು ನೋಡ್ತೀನಿ. ಕೆಮ್ಮಿದ್ರೆ ನಿನ್ನ ಲೇಖನ ಸುಳ್ಳು ಅಂತ ನಾನೇ ಪತ್ರಿಕೆಯವರಿಗೆ ಬರೀತೀನಿ.

ಆ ಸಾಲಿರೋ ಲೇಖನದ ಹಾಳೆಗೆ ನಿನ್ನಪ್ಪ ಶೆಡ್ಡಿನ ಹಲಗೆಯಲ್ಲೇ ಚೌಕಟ್ಟು ಮಾಡಿ, ಗಾಜು ಹಾಕಿ, ಮುಂಬಾಗಿಲ ಎದುರಿಗೇ ತೂಗುಹಾಕಿದ್ದಾರೆ. ಮೂಲೆ ಜೋಡಣೆ ಮೂರು ಕಡೆ ಸರಿಯಾಗಿದೆ, ಒಂದು ಕಡೆ ಸ್ವಲ್ಪ ಬಿಟ್ಟಿದೆ. ಮೀಸೆ ಬಂದವನು ಅದನ್ನೇ ನೋಡ್ತಾ ನಿಂತ. ಸರಿ ಮಾಡ್ಲಾ ಅಂತ ಬಾಯಿಬಿಟ್ಟೇ ಕೇಳಿದ. ಬೇಡ, ಹಾಗೇ ಇರಲಿ ಅಂದರು ನಿನ್ನಪ್ಪ.

ಬಂದವರೆಲ್ಲ ಮುಟ್ಟಿ ನೋಡಿ, ಚೌಕಟ್ಟು ಯಾವ ಮರದ್ದು ಅಂತ ಕೇಳ್ತಾರೆ. ನಿನ್ನಪ್ಪ ಕುರ್ಚಿಯಿಂದ ಏಳದೆ ಜೋರಾಗಿ ಹೇಳ್ತಾರೆ: "ಅದೇ ಮರ."

ನಿನ್ನ ಅಮ್ಮ